ಗೋದಲಿಗೆ ತಂದ ಬಿಳಿ ಹತ್ತಿ

ನನಗೆ ಕೋಪ ಮೂಗಿನ ತುದಿಯಲ್ಲಿ ಎಂದು ನೆರೆಕರೆಯವರು ಮೊದಲಿಂದಲೂ ಹೇಳುತ್ತಾ ಬಂದಿದ್ದಾರೆ. ಹೇಳಲಿ ಬಿಡಿ, ಸುಳ್ಳೇನೂ ಅಲ್ಲ. ಆದರೆ ಆ ಕೋಪವನ್ನು ನಾನು ಒಂದು ಸಲ ಸರಿಯಾದ ಜಾಗಕ್ಕೆ ಉಪಯೋಗಿಸಿದ್ದೇನೆ, ಉಪಯೋಗಿಸಿ ಗೆದ್ದೂ ಇದ್ದೇನೆ. ಆ ಗೆಲುವಿಗೆ ಹೆಮ್ಮೆ ಪಡಬಾರದು ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ ಅವರ ಮೇಲೂ ನನಗೆ ಕೋಪ ಬರುತ್ತದೆ.

ಮನೆಯೊಳಗೆ ನಮ್ಮ ಮಾತು ಕೊಂಕಣಿ. ಅಪ್ಪನನ್ನು ಪಪ್ಪ ಎನ್ನುತ್ತಿದ್ದೆವು. ಪಪ್ಪ ನದಿ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಬಾಯ್ಲರ್‌ಗೆ ಲೇಪ ಹಾಕುವ ಮೇಸ್ತ್ರಿ. ಅಲ್ಲಿ ಮಣ್ಣು ಅರೆಯುವ ಯಂತ್ರ ಓಡುತ್ತಿದ್ದದ್ದು ಹಬೆಯಿಂದ. ಬಿಸಿ ಹೊರಗೆ ಹೋಗದ ಹಾಗೆ ಬಾಯ್ಲರ್‌ಗೂ ಅದರ ಪೈಪುಗಳಿಗೂ ಬಿಳಿ ಲೇಪವನ್ನು ದಪ್ಪಕ್ಕೆ ಮೆತ್ತಬೇಕು. ಆ ಲೇಪದ ಸಾಮಾನು ಗೋಣಿಚೀಲಗಳಲ್ಲಿ ಹಡಗಿನಿಂದ ಬಂದು ಇಳಿಯುತ್ತಿತ್ತು. ಬಿಲ್ಲಿನ ಮೇಲೆ ಅದಕ್ಕೆ ಆಸ್ಬೆಸ್ಟಾಸ್ ಎಂದು ಹೆಸರು, ಪುಸ್ತಕದ ಕನ್ನಡದಲ್ಲಿ ಕಲ್ನಾರು. ಕೆಲಸದವರು ಹೇಳುತ್ತಿದ್ದದ್ದು ಬರೀ ಬಿಳಿ ಹತ್ತಿ. ಕಲ್ಲಿನಿಂದಲೇ ತೆಗೆದದ್ದಾದರೂ ಕೈಯಲ್ಲಿ ಹಿಡಿದರೆ ರೇಷ್ಮೆಯ ಹಾಗೆ ಮೆತ್ತಗೆ, ಹೊಳಪು ಬೇರೆ.

ಐವತ್ತರ ದಶಕದಲ್ಲಿ, ನಾನು ಲಂಗ ಹಾಕುವ ಪ್ರಾಯದಲ್ಲಿ, ನಮ್ಮ ಮನೆಯ ಕ್ರಿಸ್‌ಮಸ್ ಗೋದಲಿ ನೋಡಲು ಪೇಟೆಯ ಫಳ್ನೀರಿನಿಂದೆಲ್ಲ ಜನ ಬರುತ್ತಿದ್ದರು. ಬಾಲ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಎಲ್ಲರ ಹಾಗೆ ನಾವೂ ಬಿದಿರು, ಬೈಹುಲ್ಲಿನಿಂದ ಮಾಡುತ್ತಿದ್ದೆವು. ಬೇರೆಯವರು ಹಿಮ ಎಂದು ಅಂಗಡಿಯ ಹತ್ತಿ ಹರಡುತ್ತಿದ್ದರು. ಮೊಂಬತ್ತಿ ತಾಗಿ ಎರಡು ಮನೆಗಳ ಗೋದಲಿ ಸುಟ್ಟೂ ಹೋಗಿತ್ತು. ನಮ್ಮಲ್ಲಿ ಆ ಹೆದರಿಕೆಯೇ ಇಲ್ಲ. ಪಪ್ಪ ಡಿಸೆಂಬರ್ ಬಂದ ಕೂಡಲೇ ಒಂದು ಬಿಸ್ಕಿಟ್ ಡಬ್ಬಿ ತುಂಬ ಬಿಳಿ ಹತ್ತಿ ತರುತ್ತಿದ್ದರು. ಬಂದವರ ಎದುರು ಅದಕ್ಕೆ ಬೆಂಕಿಕಡ್ಡಿ ಗೀರಿ ಹಿಡಿಯುತ್ತಿದ್ದರು. ಕಡ್ಡಿ ಉರಿದು ಮುಗಿಯುತ್ತಿತ್ತು, ಹತ್ತಿಗೆ ಎಂತದೂ ಆಗುತ್ತಿರಲಿಲ್ಲ. ಮಕ್ಕಳೆಲ್ಲ ಚಪ್ಪಾಳೆ! "ದೇವರ ಮನೆಗೆ ದೇವರ ಹತ್ತಿ" ಎಂದು ಪಪ್ಪ ಮೀಸೆ ತಿರುವುತ್ತಿದ್ದರು. ನಾನೂ ನನ್ನ ತಮ್ಮನೂ ಅದನ್ನು ಬೆರಳಿನಿಂದ ಹಿಂಜಿ ಹಿಂಜಿ, ಕುರಿಗಳ ಬೆನ್ನ ಮೇಲೆಲ್ಲ ಊದಿ ಉದುರಿಸುತ್ತಿದ್ದೆವು. ಸುಡದ ವಸ್ತುವಿನಷ್ಟು ಸುರಕ್ಷಿತ ಇನ್ನೊಂದಿಲ್ಲ ಎಂದು ನಾವು ನಂಬಿದ್ದೆವು.

ಅಮ್ಮನಿಗೂ ಆ ಬಿಳಿ ಹತ್ತಿಯ ಪಾಲು ಬರುತ್ತಿತ್ತು. ಸಂಜೆ ಪಪ್ಪ ಬಂದರೆ ಅಂಗಿ, ಚಡ್ಡಿ, ತಲೆಗೆ ಕಟ್ಟಿದ ಬೈರಾಸು ಎಲ್ಲ ಬಿಳಿ. ಒಗೆಯುವ ಮೊದಲು ಅಮ್ಮ ಅದನ್ನು ಮೆಟ್ಟಿಲ ಬದಿಯ ಗೋಡೆಗೆ ಫಟ್ ಫಟ್ ಎಂದು ಬಡಿಯುತ್ತಿದ್ದಳು. "ಹಿಟ್ಟಿನ ಗಿರಣಿಯವನನ್ನು ಮದುವೆ ಆದ ಹಾಗೆ ಆಯ್ತು ನನಗೆ" ಎಂದು ನಗುತ್ತಿದ್ದಳು.

ಇನ್ನು ಪಪ್ಪನ ಉಸಿರಿನ ವಿಷಯ. ಅವರು ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನಲ್ಲಿ ದೊಡ್ಡ ಹಿತ್ತಾಳೆ ಕಹಳೆ ಊದುವವರು. ಬಾಸ್ ಎನ್ನುತ್ತಿದ್ದೆವು ಅದನ್ನು. ಜನವರಿಯ ವಾರ್ಷಿಕ ಹಬ್ಬಕ್ಕೆ ಇಗರ್ಜಿಯ ಎದುರಿನ ಕಂಬಕ್ಕೆ ಧ್ವಜ ಏರಿಸುವಾಗ ಬ್ಯಾಂಡು ಪೂರಾ ನಿಲ್ಲಬೇಕು, ಬಾಸ್ ಮಾತ್ರ ಒಂದೇ ಸ್ವರ ಹಿಡಿಯಬೇಕು. ಧ್ವಜ ತುದಿ ಮುಟ್ಟುವವರೆಗೆ ಅದು ಕಡಿಯಬಾರದು. ಅದು ನಮ್ಮ ಊರಿನ ಪದ್ಧತಿ. ವರ್ಷ ವರ್ಷವೂ ಪಪ್ಪ ಅದನ್ನು ತುದಿ ಮುಟ್ಟಿಸುತ್ತಿದ್ದರು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಹಬ್ಬದ ದಿನ, ಧ್ವಜ ಅರ್ಧ ಕಂಬದಲ್ಲಿ ಇರುವಾಗ ಸ್ವರ ಕಡಿಯಿತು. ಪಪ್ಪ ಬಗ್ಗಿ ಕೆಮ್ಮುತ್ತಿದ್ದರು. ಜನ ಮುಖ ಮುಖ ನೋಡಿಕೊಂಡರು. ನನಗೆ ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುವಷ್ಟು ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು.

ಕಾರ್ಖಾನೆಯ ಡಾಕ್ಟರು ಎದೆಗೆ ಕಿವಿ ಕೊಟ್ಟು "ಕ್ಷಯ" ಎಂದರು. ಆ ಕಾಲದಲ್ಲಿ ಕೆಮ್ಮಿದವರಿಗೆಲ್ಲ ಕ್ಷಯವೇ. ಪಪ್ಪನ ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ ಆಯಿತು.

ನಾನು ಆಗ ಫಳ್ನೀರಿನ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕ್ಷಯದ ಕೆಂಪು ಕಡ್ಡಿಗಳನ್ನು ಹುಡುಕುವುದು ನನ್ನ ದಿನದ ಕೆಲಸ. ಪಪ್ಪನ ಕಫವನ್ನು ಮೂರು ಸಲ ನೋಡಿದೆ. ಕೆಂಪು ಒಂದೂ ಇಲ್ಲ. ಬದಲಿಗೆ ಹೊಂಬಣ್ಣದ ಎಂಥದೋ ಸಪೂರ ಕಡ್ಡಿಗಳು, ಎರಡೂ ತುದಿ ದಪ್ಪ, ಒನಕೆಯ ಹಾಗೆ. ಗಾಜು ಸರಿಯಾಗಿ ತೊಳೆದಿಲ್ಲ ಎಂದು ತೊಳೆಯುವ ಹೆಂಗಸಿಗೆ ಬೈದೆ. ಪಾಪ, ಅವಳು ಮತ್ತೊಮ್ಮೆ ತೊಳೆದಳು. ಕಡ್ಡಿಗಳು ಮತ್ತೆ ಬಂದವು. ನಾನು ಮತ್ತೆ ಬೈದೆ. ಮೂರನೆಯ ಸಲ ಬೈಯುವುದನ್ನು ಕೇಳಿ ನಮ್ಮ ದೊಡ್ಡ ಡಾಕ್ಟರು ಒಳಗಿನಿಂದ ಎದ್ದು ಬಂದರು.

ಅವರು ದೇವಸ್ಥಾನದ ಅರ್ಚಕರ ಮನೆತನದ ತುಳುವರು, ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವವರು. ಮಾತು ಕಮ್ಮಿ. ಕಣ್ಣಿಟ್ಟು ನೋಡಿದರು, ತಿರುಪು ತಿರುಗಿಸಿ ಪುನಃ ನೋಡಿದರು.

"ಯಾರ ಕಫ ಇದು?"

"ಪಪ್ಪಂದು."

"ಹಂಚಿನ ಕಾರ್ಖಾನೆಯಲ್ಲಿ ಎಂತ ಕೆಲಸ ಅವರಿಗೆ?"

ಹೇಳಿದೆ. ಅವರು ಕಬ್ಬಿಣ ಇದ್ದರೆ ನೀಲಿ ತೋರಿಸುವ ಬಣ್ಣ ಹಾಕಲು ಹೇಳಿದರು. ಹಾಕಿದೆ. ಒನಕೆಗಳೆಲ್ಲ ನೀಲಿ ನೀಲಿ ಆಗಿ ಎದ್ದು ಬಂದವು.

"ಇದು ಕೊಳೆ ಅಲ್ಲ ಮಾರಾಯ್ತಿ, ಕಲ್ನಾರು" ಎಂದರು. "ಕರಗಿಸಲಿಕ್ಕೆ ಆಗದ ನಾರಿಗೆ ದೇಹ ಕಬ್ಬಿಣದ ಅಂಗಿ ಹಾಕಿದೆ. ನಿನ್ನ ಪಪ್ಪನಿಗೆ ಕ್ಷಯ ಇಲ್ಲ. ಇದು ಬೇರೆ. ಇದರಿಂದ ಕ್ಯಾನ್ಸರೂ ಬರ್ತದೆ ಅಂತ ಹೊರದೇಶದ ಪತ್ರಿಕೆಗಳಲ್ಲಿ ಬರೀತಾ ಇದ್ದಾರೆ."

ಕಡ್ಡಿ ಹೊಕ್ಕರೆ ಕ್ಯಾನ್ಸರ್ ಯಾಕೆ ಬರಬೇಕು ಎಂದು ನಾನು ಜಗಳಕ್ಕೆ ನಿಂತ ಹಾಗೆ ಕೇಳಿದೆ. ಅವರು ಸ್ಟೂಲು ಎಳೆದು ಕೂತರು.

"ಬೆರಳಿಗೆ ಸಿಬಿರು ಹೊಕ್ಕರೆ ಎಂತ ಆಗ್ತದೆ?"

"ಕೆಂಪಾಗ್ತದೆ. ಬಾತುಕೊಳ್ತದೆ. ಕೀವಾಗಿ ಸಿಬಿರು ಹೊರಗೆ ಬರ್ತದೆ."

"ಅದಕ್ಕೆ ಉರಿಯೂತ ಅನ್ನುವುದು. ಅದು ದೇಹದ ಕೋಪ, ಒಳ್ಳೆಯ ಕೋಪ. ಕೆಲಸ ಮುಗಿದ ಮೇಲೆ ಆರಬೇಕು. ಈ ನಾರಿನ ವಿಷಯದಲ್ಲಿ ಆರುವುದಿಲ್ಲ. ಶ್ವಾಸಕೋಶದ ಕಾವಲಿನ ಜೀವಕಣಗಳುಂಟಲ್ಲ, ಅವು ನುಂಗಲಿಕ್ಕೆ ಬರ್ತವೆ. ನಾರು ಅವುಗಳಿಗಿಂತ ಉದ್ದ. ಬಾಯಲ್ಲಿ ಬಿಸಿತುಪ್ಪ! ನುಂಗಲಿಕ್ಕೂ ಆಗದೆ ಉಗುಳಲಿಕ್ಕೂ ಆಗದೆ ಸಾಯ್ತವೆ. ಸಾಯುವಾಗ ಹೊಟ್ಟೆಯೊಳಗಿನ ಖಾರ ಎಲ್ಲ ಸುತ್ತ ಚೆಲ್ಲುತ್ತವೆ. ಆ ಗಲಾಟೆಗೆ ಇನ್ನಷ್ಟು ಕಣ ಬರ್ತವೆ, ಅವೂ ಸಾಯ್ತವೆ. ನಾರು ಇದ್ದಲ್ಲೇ ಇರ್ತದೆ."

"ಆಮೇಲೆ?"

"ಆಮೇಲೆ ಎಂತ, ದಿನಾ ಗಾಯ, ದಿನಾ ರಿಪೇರಿ. ಗಾಯ ಆದಲ್ಲಿ ಹೊಸ ಕಣ ಹುಟ್ಟಲೇಬೇಕು. ಇಪ್ಪತ್ತು ಮೂವತ್ತು ವರ್ಷ ಹುಟ್ಟುತ್ತಾ ಹುಟ್ಟುತ್ತಾ ಯಾವುದೋ ಒಂದು ಕೆಟ್ಟು ಹುಟ್ಟಿತು ಅಂತ ಇಟ್ಟುಕೋ. ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಇದು ನನ್ನ ಅಂದಾಜು. ಪೂರಾ ತಿಳಿದವರು ಈಗ ಯಾರೂ ಇಲ್ಲ."

ನಾನು ಮನೆಗೆ ನಡೆದೇ ಹೋದೆ. ದಾರಿ ಪೂರ್ತಿ ನನ್ನ ತಲೆಯಲ್ಲಿ ಇದ್ದದ್ದು ಪಪ್ಪ ಅಲ್ಲ, ತಮ್ಮ. ಅವನಿಗೆ ಹತ್ತೊಂಬತ್ತು ತುಂಬಿತ್ತು. ಮೇಸ್ತ್ರಿಗೆ ಆಗದಿದ್ದರೆ ಮಗ ಬರುವುದು ಕಾರ್ಖಾನೆಯ ರೂಢಿ. ಜೂನ್‌ನಲ್ಲಿ ಮಳೆ ಹಿಡಿದರೆ ಹಂಚು ಒಣಗುವುದಿಲ್ಲ, ಆಗ ಬಾಯ್ಲರ್ ಆರಿಸಿ ಹಳೆಯ ಲೇಪವನ್ನು ಸುತ್ತಿಗೆಯಿಂದ ಹೊಡೆದು ಉದುರಿಸಿ, ಹೊಸತು ಹಾಕುತ್ತಾರೆ. ಮಳೆಗಾಳಿಗೆ ಹೊಸ ಪುಡಿ ಒದ್ದೆಯಾಗಬಾರದೆಂದು ಶೆಡ್ಡಿನ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಒಣಗಿದ್ದನ್ನು ಒಣಗಿದ ಹಾಗೆಯೇ ಕೆರೆಯುವುದು. ಒಳಗೆ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಬಿಳಿ ಧೂಳು. ಆ ಜೂನ್‌ಗೆ ತಮ್ಮ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ನಾನು ಮಾತ್ರ ಅವತ್ತೇ ಅವನನ್ನು ಆ ಬಾಗಿಲ ಒಳಗೆ ಬಿಡುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಹಾಗೆ! ಕ್ಷಯ ಅಲ್ಲ ಎಂದಾಗ ಪಪ್ಪನಿಗೆ ಖುಷಿಯಾಯಿತು, ತಟ್ಟೆ ಲೋಟ ಕೂಡಲೇ ಒಳಗೆ ತರಿಸಿದರು. ಬಿಳಿ ಹತ್ತಿಯ ಹೆಸರೆತ್ತಿದ ಕೂಡಲೇ ಮುಖ ಗಂಟಾಯಿತು.

"ನಾನು ಇಪ್ಪತ್ತು ವರ್ಷದಿಂದ ಅದರಲ್ಲೇ ಇದ್ದೇನೆ. ಅದು ವಿಷ ಆಗಿದ್ದರೆ ಯಾವತ್ತೋ ಸಾಯಬೇಕಿತ್ತು."

"ಅದಕ್ಕೆ ಇಪ್ಪತ್ತು ವರ್ಷವೇ ಬೇಕು ಪಪ್ಪ! ಅದನ್ನೇ ಅಲ್ವಾ ನಾನು ಬಡಕೊಳ್ಳುವುದು?"

"ನೀನು ಗಾಜು ತೊಳೆಯುವವಳು. ನನಗೆ ಕೆಲಸ ಕಲಿಸಬೇಡ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಎಂತ ಮಾತಾಡುವುದು? ತಮ್ಮನಾದರೂ ಕೇಳಿದನಾ, ಅದೂ ಇಲ್ಲ. "ಅಕ್ಕ, ಪಪ್ಪ ಕೂತುಬಿಟ್ಟರೆ ಮನೆ ನಡೆಯಬೇಡವಾ? ಮೂಗಿಗೆ ಬೈರಾಸು ಕಟ್ಟಿಕೊಳ್ತೇನೆ, ಸುಮ್ಮನಿರು" ಎಂದ. ಎರಡು ತಿಂಗಳು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಜಗಳ. ಮೇ ತಿಂಗಳು ಬಂತು. ಒಂದು ಬೆಳಿಗ್ಗೆ ನಾನು ಕೂಗಾಡಿ ಸುಸ್ತಾಗಿ ಅಡುಗೆಮನೆಯಲ್ಲಿ ಕೂತಿದ್ದಾಗ ಅಮ್ಮ ಒಲೆ ಊದುತ್ತಾ ಕೆಮ್ಮಿದಳು. ಸಣ್ಣ ಒಣ ಕೆಮ್ಮು. ವರ್ಷಗಳಿಂದ ಇತ್ತು ಅದು, ಹೊಗೆಯದ್ದು ಎಂದು ನಾವು ಯಾರೂ ಲಕ್ಷ್ಯ ಮಾಡಿರಲಿಲ್ಲ. ಗೋಡೆಗೆ ಅಂಗಿ ಬಡಿಯುವ ಫಟ್ ಫಟ್ ನೆನಪಾಯಿತು.

"ಅಮ್ಮ, ನಾಳೆ ಬೆಳಿಗ್ಗೆ ಕಫ ಬಂದರೆ ಈ ಡಬ್ಬಿಗೆ ಉಗುಳು."

"ಶೀ! ಹುಚ್ಚಾ ನಿನಗೆ?"

ಉಗುಳಿದಳು, ಪಾಪ. ಮಗಳ ಹಟ ಅವಳಿಗೆ ಗೊತ್ತಿತ್ತು. ಮೊದಲ ಗಾಜಿನಲ್ಲಿ ಎಂತದೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಇಲ್ಲದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಲೇ ಹುಡುಕುತ್ತಿದ್ದೆ. ನಾಲ್ಕನೆಯ ಗಾಜಿನ ಅಂಚಿನಲ್ಲಿ ಒಂದು ಸಿಕ್ಕಿತು. ಒಂದೇ ಒಂದು ನೀಲಿ ಒನಕೆ. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಅಷ್ಟು ಅತ್ತದ್ದೂ ನಾನು ಬೇರೆ ಯಾವತ್ತೂ ಇಲ್ಲ.

ಆ ಶನಿವಾರ ಪಪ್ಪನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಅವರು ಇಗರ್ಜಿಗೆ ಹಾಕುವ ಅಂಗಿ ಹಾಕಿ ಬಂದಿದ್ದರು. ಕಿಟಕಿಯ ಬೆಳಕಿಗೆ ಮೈಕ್ರೋಸ್ಕೋಪಿನ ಕನ್ನಡಿ ತಿರುಗಿಸಿ ಮೊದಲು ಅವರದೇ ಗಾಜು ತೋರಿಸಿದೆ. ನೋಡಿದರು. "ಇರಲಿ. ನನ್ನ ಕೆಲಸದ್ದು, ನನ್ನೊಳಗೆ ಇದೆ" ಎಂದರು, ಪದಕ ಸಿಕ್ಕಿದವರ ಹಾಗೆ. ಗಾಜು ಬದಲಿಸಿದೆ.

"ಇದರಲ್ಲಿ ಒಂದೇ ಉಂಟಲ್ಲ. ಇದೂ ನನ್ನದಾ?"

"ಅಲ್ಲ. ಅಮ್ಮಂದು."

ಪಪ್ಪ ಕಣ್ಣು ತೆಗೆಯಲಿಲ್ಲ. ನಾನು ಕಾದೆ.

"ಅವಳು ಕಾರ್ಖಾನೆಯ ಗೇಟು ಸಹ ನೋಡಿದವಳಲ್ಲ" ಎಂದರು ಕೊನೆಗೆ.

"ಹೌದು ಪಪ್ಪ. ನೀವು ಮನೆಗೆ ತಂದದ್ದು."

ಹಾಗೆ ಹೇಳಬಾರದಿತ್ತೋ ಏನೋ. ಆದರೆ ಹೇಳಿದೆ. ಪಪ್ಪ ಸ್ಟೂಲಿನ ಮೇಲೆ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿ ಅತ್ತರು. ದೊಡ್ಡ ಡಾಕ್ಟರು ಬಂದು ಅವರ ಬೆನ್ನ ಮೇಲೆ ಕೈ ಇಟ್ಟು, "ಒಂದು ಕಡ್ಡಿ ಕಂಡ ಕೂಡಲೇ ರೋಗ ಅಂತ ಅಲ್ಲ ಮಾರಾಯರೇ, ತುಂಬಾ ಜನರಿಗೆ ಎಂತದೂ ಆಗುವುದಿಲ್ಲ. ಇನ್ನು ಮುಂದೆ ಒಳಗೆ ಹೋಗದ ಹಾಗೆ ನೋಡಿಕೊಂಡರೆ ಆಯ್ತು" ಎಂದರು. ಪಪ್ಪ ಮುಖ ಒರೆಸಿಕೊಂಡು ಎದ್ದರು. "ಮಗ ಅಲ್ಲಿಗೆ ಹೋಗುವುದು ಬೇಡ" ಎಂದರು. ಆಮೇಲೆ, ಬಾಗಿಲಿಗೆ ಹೋಗಿ ತಿರುಗಿ ನಿಂತು, "ಯಾರ ಮಗನೂ ಬೇಡ" ಎಂದರು.

ಅಬ್ಬ, ಆಮೇಲೆ ನೋಡಬೇಕಿತ್ತು ಅವರನ್ನು! ಸೋಮವಾರ ಮ್ಯಾನೇಜರರ ಎದುರು ಹೋಗಿ ನಿಂತರು. ಹಳೆಯ ಲೇಪಕ್ಕೆ ಹಿಂದಿನ ದಿನವೇ ನೀರು ಹೊಯ್ದು ನೆನೆಸಿ, ಆಮೇಲೆ ಕೀಳಬೇಕು. ಶೆಡ್ಡಿನ ಬಾಗಿಲು ತೆಗೆದಿಡಬೇಕು. ಹೊಸ ಪುಡಿ ಚೀಲದಲ್ಲಿರುವಾಗಲೇ ನೀರು ಹಾಕಬೇಕು. ಕೆಲಸದ ಬಟ್ಟೆ ಅಲ್ಲಿಯೇ ಬಿಟ್ಟು, ಅಲ್ಲಿಯೇ ಒಗೆಸಿ, ಮಿಂದು ಮನೆಗೆ ಹೋಗಬೇಕು. ಒಂದು ಖಾಲಿ ಚೀಲವೂ ಗೇಟು ದಾಟಬಾರದು.

"ನೀರು ಹೊಯ್ದರೆ ಒಣಗಲಿಕ್ಕೆ ಯಾವ ಕಾಲ ಆಗ್ತದೆ, ಗೊತ್ತುಂಟಾ? ನಿಮಗೆ ಎಂತ ಆಗಿದೆ ಈಗ?" ಎಂದರಂತೆ ಮ್ಯಾನೇಜರರು.

"ಹಾಗಾದರೆ ನಾನು ಕೈ ಹಾಕುವುದಿಲ್ಲ" ಎಂದು ಪಪ್ಪ ಮನೆಗೆ ಬಂದರು.

ಇಲ್ಲಿ ಒಂದು ಗುಟ್ಟುಂಟು. ಲೇಪಕ್ಕೆ ಎಷ್ಟು ನೀರು, ಎಷ್ಟು ಜೇಡಿಮಣ್ಣು, ಎಷ್ಟು ಹೊತ್ತು ಕಲಸಬೇಕು ಎಂಬ ಹದ ಪಪ್ಪನ ಅಂಗೈಗೆ ಮಾತ್ರ ಗೊತ್ತಿತ್ತು. ಒಂದು ಉಂಡೆ ಮಾಡಿ ಗೋಡೆಗೆ ಹೊಡೆಯುತ್ತಿದ್ದರು. ಅಂಟಿಕೊಂಡ ಉಂಡೆಯ ಸದ್ದು ಕೇಳಿ ಹದ ಬಂತೋ ಇಲ್ಲವೋ ಹೇಳುತ್ತಿದ್ದರು. ಬರೆದಿಡುವ ವಿದ್ಯೆ ಅಲ್ಲ ಅದು. ಕಾರ್ಖಾನೆಯವರು ಬೇರೆ ಇಬ್ಬರನ್ನು ಕರೆಸಿ ಹಳೆಯ ರೀತಿಯಲ್ಲೇ ಮಾಡಿಸಿದರು. ಬಾಯ್ಲರ್ ಬಿಸಿಯಾದದ್ದೇ ತಡ, ಲೇಪ ಬಿರಿದು ದೊಡ್ಡ ದೊಡ್ಡ ಹೋಳಾಗಿ ಕೆಳಗೆ ಬಿತ್ತು. ಮತ್ತೆ ಹಾಕಿಸಿದರು, ಮತ್ತೆ ಬಿತ್ತು. ನಾವು ಮನೆಯಲ್ಲಿ ಸುದ್ದಿ ಕೇಳಿ ಕೇಳಿ ನಗುತ್ತಿದ್ದೆವು. ನಕ್ಕದ್ದಕ್ಕೆ ಪಾಪ ನಿವೇದನೆಯಲ್ಲಿ ಪಾದ್ರಿಗಳ ಹತ್ತಿರ ಹೇಳಿಕೊಂಡೆ ಸಹ. ಅಷ್ಟರಲ್ಲಿ ಪಪ್ಪ ಲೇಪದ ಶೆಡ್ಡಿನವರನ್ನೆಲ್ಲ ಒಬ್ಬೊಬ್ಬರಾಗಿ ನಮ್ಮ ಲ್ಯಾಬಿಗೆ ಕರೆತಂದು ಅಮ್ಮನ ಗಾಜು ತೋರಿಸಿದರು. ತಮ್ಮದೇ ಕಫದ ಗಾಜು ನೋಡಿ ಹೆದರದ ಗಂಡಸರು ಹೆಂಗಸಿನ ಗಾಜು ನೋಡಿ ಬೆವರಿದರು. ಎಲ್ಲರಿಗೂ ಮನೆಯಲ್ಲಿ ಅಂಗಿ ಬಡಿಯುವ ಒಬ್ಬಳು ಇದ್ದಳಲ್ಲ!

ಜುಲೈಯ ಜೋರು ಮಳೆಯಲ್ಲಿ ಮ್ಯಾನೇಜರರೇ ಕೊಡೆ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಅಮ್ಮ ಚಾ ಕೊಟ್ಟಳು. ಪಪ್ಪ ಹೇಳಿದ್ದಕ್ಕೆಲ್ಲ ಅವರು ಆಯ್ತು ಆಯ್ತು ಎಂದರು. ಪಪ್ಪ ಆ ಮಳೆಗಾಲ ಶೆಡ್ಡಿನ ಒಳಗೆ ಹೋಗಲಿಲ್ಲ. ಹೊರಗೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು, ತಂದುಕೊಟ್ಟ ಒದ್ದೆ ಉಂಡೆಯನ್ನು ಗೋಡೆಗೆ ಹೊಡೆದು ಹದ ಹೇಳಿದರು. ಅದು ಪೂರ್ತಿ ಅಪಾಯ ಕಳೆಯುವ ಉಪಾಯ ಅಲ್ಲ, ಈಗ ನನಗೆ ಗೊತ್ತು. ಆದರೆ ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಗಾಳಿ ಆ ಶೆಡ್ಡಿಗೆ ಮೊದಲ ಸಲ ಬಂತು. ಅದನ್ನು ತಂದದ್ದು ನಾವು.

ತಮ್ಮ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟ. ಆಮೇಲೆ ಸಿಟಿ ಬಸ್ಸಿನಲ್ಲಿ ಕಂಡಕ್ಟರನಾದ. "ಕಂಕನಾಡಿ ಕಂಕನಾಡಿ ಕಂಕನಾಡಿ" ಎಂದು ಅವನು ಬಾಗಿಲಲ್ಲಿ ನೇತಾಡಿಕೊಂಡು ಕೂಗಿದರೆ ಲ್ಯಾಬಿನ ಒಳಗಿದ್ದ ನನಗೆ ಕೇಳಿಸುತ್ತಿತ್ತು. ದೊಡ್ಡ ಡಾಕ್ಟರು ಕಿವಿ ಮುಚ್ಚಿಕೊಂಡು, "ನಿನ್ನ ತಮ್ಮನ ಶ್ವಾಸಕೋಶ ಪರೀಕ್ಷೆ ಮಾಡುವ ಅಗತ್ಯ ಇಲ್ಲ" ಎನ್ನುತ್ತಿದ್ದರು.

ಡಾಕ್ಟರ ಅಂದಾಜು ಸರಿ ಇತ್ತು. ನಾನು ನಿವೃತ್ತಳಾದ ಎಷ್ಟೋ ವರ್ಷದ ಮೇಲೆ ಓದಿದೆ. ನಾರನ್ನು ನುಂಗಲಾರದೆ ಸತ್ತ ಕಣಗಳು ಚೆಲ್ಲುವ ಖಾರ ಸುತ್ತಲಿನ ಕಣಗಳ ಮೂಲವನ್ನೇ ಕೆಡಿಸುತ್ತದಂತೆ. ಅದೂ ಸಾಲದೆಂದು, ಕೆಟ್ಟ ಮೇಲೆ ಸಾಯಬೇಕಾದ ಕಣಕ್ಕೆ ಅದೇ ಉರಿಯೂತ ಬದುಕು, ಬೆಳೆ ಎಂದು ಕುಮ್ಮಕ್ಕು ಕೊಡುತ್ತದಂತೆ. ಕಾಯಬೇಕಾದ ಕೋಪವೇ ಕಳ್ಳನಿಗೆ ಅನ್ನ ಹಾಕುವುದು. ಓದಿ ಪುಸ್ತಕ ಮುಚ್ಚಿ, ಅಂದಾಜಿನಲ್ಲೇ ಇಷ್ಟು ಕಂಡಿದ್ದ ಆ ಮುದುಕರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಅಮ್ಮನ ಒಂದು ಕಡ್ಡಿ ಅವಳನ್ನು ಎಂತದೂ ಮಾಡಲಿಲ್ಲ. ತೊಂಬತ್ತು ದಾಟಿ, ಮೀನುಸಾರಿಗೆ ಹುಳಿ ಕಮ್ಮಿ ಎಂದು ಬೈದು, ಅದೇ ವಾರ ಹೋದಳು.

ಪಪ್ಪನದು ಹಾಗಾಗಲಿಲ್ಲ. ಎದೆಯ ಗೋಡೆಗೂ ಶ್ವಾಸಕೋಶಕ್ಕೂ ನಡುವೆ ನೀರು ತುಂಬಿತು, ಅಲ್ಲಿನ ಪೊರೆಯಲ್ಲಿ ಗಡ್ಡೆ ಬೆಳೆದಿತ್ತು. ಅವರು ಕಂಡ ಕೊನೆಯ ಹಬ್ಬ ಲೇಪದ ಜಗಳ ಆದ ಮರುವರ್ಷದ ಜನವರಿಯದು. ಆ ಸಲದ ಗೋದಲಿಗೆ ನಾವು ಹಿಮ ಹಾಕಲಿಲ್ಲ. ಬೈಹುಲ್ಲೇ ಸಾಕು, ಬೆತ್ಲೆಹೇಮಿನಲ್ಲಿ ಹಿಮ ಬಿದ್ದದ್ದನ್ನು ಯಾರು ನೋಡಿದ್ದಾರೆ ಎಂದು ಪಪ್ಪನೇ ಹೇಳಿದ್ದರು.

ಹಬ್ಬದ ದಿನ ಇಗರ್ಜಿಯ ಎದುರು ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು. ಬಾಸ್ ಈಗ ತಮ್ಮನ ಹೆಗಲ ಮೇಲೆ. ಆರು ತಿಂಗಳು ಮನೆಯ ಹಿಂದೆ ನಿಂತು ಊದಿ ಊದಿ ನೆರೆಕರೆಯವರಿಂದ ಬೈಗಳು ತಿಂದಿದ್ದ. ಬ್ಯಾಂಡು ನಿಂತಿತು. ಅವನು ಸ್ವರ ಹಿಡಿದ. ಧ್ವಜ ಮೆಲ್ಲ ಏರತೊಡಗಿತು, ಅರ್ಧ ಕಂಬಕ್ಕೆ ಬಂತು, ಅಷ್ಟರಲ್ಲಿ ಹಗ್ಗ ತುದಿಯ ರಾಟೆಗೆ ಸಿಕ್ಕಿಹಾಕಿಕೊಂಡಿತು. ಕಳೆದ ವರ್ಷ ಪಪ್ಪನ ಸ್ವರ ಕಡಿದದ್ದು ಸರಿಯಾಗಿ ಅಲ್ಲಿಯೇ. ಹಗ್ಗ ಎಳೆಯುವವನು ಜಗ್ಗಿದ, ಮತ್ತೆ ಜಗ್ಗಿದ. ಜೇಸು ಮರಿಯೆ, ಇನ್ನು ಸ್ವಲ್ಪ ತಡವಾಗಿದ್ದರೆ ನಾನೇ ಓಡಿಹೋಗಿ ಆ ಕಂಬ ಹತ್ತುತ್ತಿದ್ದೆ! ತಮ್ಮನ ಕೆನ್ನೆ ಊದಿ ಕೆಂಪಾಯಿತು, ಕುತ್ತಿಗೆಯ ನರ ಎದ್ದು ನಿಂತಿತು. ಸ್ವರ ಮಾತ್ರ ಅಲ್ಲಾಡಲಿಲ್ಲ. ಹಗ್ಗ ಬಿಟ್ಟಿತು. ಧ್ವಜ ಸರ್ರೆಂದು ಏರಿ ತುದಿ ಮುಟ್ಟಿತು. ಜನ ಚಪ್ಪಾಳೆ ಹೊಡೆದರು, ಗಂಟೆ ಬಾರಿಸಿದರು. ಅವನು ಇನ್ನೂ ಊದುತ್ತಲೇ ಇದ್ದ.

ಪಪ್ಪ ನನ್ನ ಕೈ ಹಿಡಿದರು. ಅವರ ಕೆನ್ನೆ ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಸಾಕು ಅಂತ ಹೇಳು ಅವನಿಗೆ" ಎಂದು, ನಡುವೆ ನಿಂತು ಉಸಿರು ತೆಗೆದುಕೊಂಡು, "ಧ್ವಜ ಮುಟ್ಟಿ ಆಯ್ತು" ಎಂದರು.

ನಾನು ಹೇಳಲಿಲ್ಲ. ಊದಲಿ ಎಂದು ಬಿಟ್ಟೆ.